ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ವಕೀಲರಾಗುವುದು ಹೇಗೆ: ಎಲ್‌ಎಲ್‌ಬಿ ಸೀಟಿನಿಂದ ಮೊದಲ ವಕಾಲತ್ತಿನವರೆಗೆ

ನಮ್ಮ ಕಡೆಯ ಹುಡುಗ ಹುಡುಗಿಯರು ಲಾ ಓದುವ ಬಗ್ಗೆ ವಿಚಾರಿಸಿದಾಗ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಇರುತ್ತದೆ: "ಸರ್, ಇಂಗ್ಲಿಷ್ ಅಷ್ಟು ಬರಲ್ಲ, ನಡೀತದೇನ್ರಿ?" ನಡೆಯುತ್ತದೆ. ಎರಡನೆಯದು ದುಡ್ಡಿನ ಪ್ರಶ್ನೆ. ಅದಕ್ಕೆ ಉತ್ತರ ಅಷ್ಟು ಚಿಕ್ಕದಲ್ಲ, ಮುಂದೆ ಬರುತ್ತದೆ. ಆದರೆ ಯಾವ ಊರಿನ ಕೋರ್ಟಿನಲ್ಲಿ, ಯಾರ ಆಫೀಸಿನಲ್ಲಿ ಜೂನಿಯರ್ ಆಗಬೇಕು ಅಂತ ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ವಕೀಲಿ ಕೈ ಹಿಡಿಯುವುದೋ ಬಿಡುವುದೋ ತೀರ್ಮಾನ ಆಗುವುದು ಅಲ್ಲೇ. ಹಾಗಾಗಿ ಓದಿನ ಭಾಗವನ್ನು ಬೇಗ ಮುಗಿಸಿ, ಕೋರ್ಟಿನ ಭಾಗಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಐದು ವರ್ಷವೋ, ಮೂರು ವರ್ಷವೋ

ದಾರಿ ಎರಡಿವೆ. ಪಿಯುಸಿ ಮುಗಿಸಿ ನೇರವಾಗಿ 5 ವರ್ಷದ ಕೋರ್ಸ್ ಸೇರಬಹುದು. ಇಲ್ಲವೇ ಯಾವುದಾದರೂ ಡಿಗ್ರಿ ಮುಗಿಸಿ 3 ವರ್ಷದ ಎಲ್‌ಎಲ್‌ಬಿ ಮಾಡಬಹುದು. ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಿದ್ದರೂ ಆಗುತ್ತದೆ. ದೇಶದಲ್ಲಿ ಕಾನೂನು ಓದಿಗೂ ವಕೀಲಿಗೂ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಹೇಳುವಂತೆ ಅರ್ಹತಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ 45%, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 40% ಅಂಕ ಬೇಕು.

ಲೆಕ್ಕ ಹಾಕಿದರೆ ಉಳಿಯುವುದು ಒಂದೇ ವರ್ಷ. ವಕೀಲನೇ ಆಗಬೇಕು ಅಂತ ಹದಿನೇಳು ಹದಿನೆಂಟಕ್ಕೇ ಗಟ್ಟಿಯಾಗಿ ತೀರ್ಮಾನಿಸಿದವರಿಗೆ, ಮನೆಯವರಿಗೆ ಐದು ವರ್ಷ ಓದಿಸುವ ಶಕ್ತಿ ಇದ್ದವರಿಗೆ 5 ವರ್ಷದ ಕೋರ್ಸ್ ಸರಿ. ಉಳಿದವರಿಗೆ ನಾನು ಹೇಳುವುದು ಡಿಗ್ರಿ ಆಮೇಲೆ ಎಲ್‌ಎಲ್‌ಬಿ ಅಂತಲೇ. ಮಳೆ ಕೈಕೊಟ್ಟು ಮನೆಯಲ್ಲಿ ತೊಂದರೆಯಾಗಿ ಓದು ನಿಂತರೂ ಕೈಯಲ್ಲಿ ಒಂದು ಬಿಎ ಅಥವಾ ಬಿಕಾಂ ಇರುತ್ತದೆ. 5 ವರ್ಷದ ಕೋರ್ಸನ್ನು ಮೂರನೇ ವರ್ಷಕ್ಕೆ ಬಿಟ್ಟರೆ ಬರಿಗೈ ಆಗುವ ಭಯ ಜಾಸ್ತಿ. ಬಿಕಾಂ ಮಾಡಿದವರಿಗೆ ಮುಂದೆ ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಜಿಎಸ್‌ಟಿ ಕೇಸುಗಳಲ್ಲಿ ಲೆಕ್ಕದ ಪುಸ್ತಕ ಕಂಡರೆ ಹೆದರಿಕೆ ಇರುವುದಿಲ್ಲ. ಅದೂ ಒಂದು ಲಾಭ.

ಒಂದು ಎಚ್ಚರಿಕೆ. ಅಂಚೆ ತೆರಪಿನ ಎಲ್‌ಎಲ್‌ಬಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ವಕೀಲಿ ಮಾಡಬೇಕಾದರೆ ಕಾಲೇಜಿಗೆ ಹೋಗಿ ಓದಿದ ಡಿಗ್ರಿಯೇ ಬೇಕು. ಹಾಜರಿ ಪ್ರತಿ ವಿಷಯಕ್ಕೂ 70% ಇರಬೇಕು ಅನ್ನುತ್ತದೆ ನಿಯಮ. "ಬರದಿದ್ದರೂ ನಡೀತದ, ಫೀ ಕಟ್ಟಿ ಹೋಗ್ರಿ" ಅನ್ನುವ ಮಾತು ಕೇಳಿ ಸೇರಿದರೆ ತೊಂದರೆ ಬರುವುದು ನಿಮಗೇ. ಹಾಗೆಯೇ ಹತ್ತನೇ ತರಗತಿ, ಪಿಯುಸಿ ಯಾವುದೂ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಿಂದ ಡಿಗ್ರಿ ತೆಗೆದುಕೊಂಡವರಿಗೆ ಎಲ್‌ಎಲ್‌ಬಿಗೆ ಪ್ರವೇಶ ಇಲ್ಲ. ಪಿಯುಸಿ ಆಗಿದ್ದು ಆಮೇಲೆ ದೂರಶಿಕ್ಷಣದಲ್ಲಿ ಬಿಎ ಮಾಡಿದ್ದರೆ ತೊಂದರೆ ಇಲ್ಲ.

ಎರಡನೇ ಹೆಜ್ಜೆ: ಕಾಲೇಜು

ರಾಜ್ಯದ ಹೆಚ್ಚಿನ ಲಾ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. 2009ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ರಾಯಚೂರಿನಲ್ಲಿ ಎಸ್‌ಸಿಎಬಿ ಲಾ ಕಾಲೇಜು ಇದೆ, ಬಳ್ಳಾರಿಯಲ್ಲಿ ವುಂಕಿ ಸಣ್ಣರುದ್ರಪ್ಪ ಲಾ ಕಾಲೇಜು ಇದೆ. ಸ್ವಲ್ಪ ದೂರ ಹೋಗಲು ತಯಾರಿದ್ದರೆ ಕಲಬುರಗಿಯ ಎಸ್‌ಎಸ್‌ಎಲ್ ಲಾ ಕಾಲೇಜು, ಹುಬ್ಬಳ್ಳಿಯ ವಿಶ್ವವಿದ್ಯಾಲಯದ ಸ್ವಂತ ಕಾನೂನು ಶಾಲೆ ಇವೆ. ಸಿಲೆಬಸ್ ಒಂದೇ, ಪರೀಕ್ಷೆ ಒಂದೇ. ಊರಿಗೆ ಹತ್ತಿರದ ಕಾಲೇಜು ಸೇರಿ ಉಳಿಯುವ ದುಡ್ಡಿನಲ್ಲಿ ಪುಸ್ತಕ ಕೊಳ್ಳುವುದು ಮೇಲು.

ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಉತ್ತರ ಕನ್ನಡದಲ್ಲಿ ಬರೆಯಿರಿ, ಆದರೆ ಕಾಯ್ದೆಯ ಮೂಲ ಪಠ್ಯವನ್ನು, ಅಂದರೆ ಬೇರ್ ಆಕ್ಟನ್ನು, ಎರಡೂ ಭಾಷೆಯಲ್ಲಿ ಅಕ್ಕಪಕ್ಕ ಇಟ್ಟುಕೊಂಡು ಓದಿ. ದಿನಕ್ಕೆ ಒಂದೋ ಎರಡೋ ಸೆಕ್ಷನ್ ಸಾಕು. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ರಾಜ್ಯದ ಕಾಯ್ದೆಗಳ ಕನ್ನಡ ಪ್ರತಿಗಳು ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿವೆ. ಆರು ಸೆಮಿಸ್ಟರ್ ಹೀಗೆ ಓದಿದವನಿಗೆ ಹೈಕೋರ್ಟ್ ತೀರ್ಪು ಓದಲು ಬೇರೆ ಇಂಗ್ಲಿಷ್ ಕ್ಲಾಸ್ ಬೇಕಾಗುವುದಿಲ್ಲ. ಕಾನೂನಿನ ಇಂಗ್ಲಿಷ್ ಸಿನಿಮಾದ ಇಂಗ್ಲಿಷ್ ಅಲ್ಲ, ಅದರಲ್ಲಿ ತಿರುತಿರುಗಿ ಬರುವ ಪದಗಳು ಕೆಲವೇ.

ಇಂಗ್ಲಿಷ್ ಚೆನ್ನಾಗಿದ್ದು ಪಿಯುಸಿಯಲ್ಲಿ ಇರುವವರು ಕ್ಲಾಟ್ ಪರೀಕ್ಷೆಯನ್ನು ಒಮ್ಮೆ ಪ್ರಯತ್ನಿಸಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರುವುದು ಅದರ ಮೂಲಕ. ಅಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಾತಿ ಇದೆ. ನಮ್ಮ ಜಿಲ್ಲೆಗಳಿಂದ ಅರ್ಜಿ ಹಾಕುವವರೇ ಕಡಿಮೆ ಅನ್ನುವುದು ನನಗೆ ಬೇಸರದ ಸಂಗತಿ. ಸಿಗದಿದ್ದರೆ ಏನೂ ಕಳೆದುಹೋಗುವುದಿಲ್ಲ.

ಕಾಲೇಜಿನಲ್ಲಿದ್ದಾಗಲೇ ಮಾಡಬೇಕಾದ ಎರಡು ಕೆಲಸ ಇವೆ. ಒಂದು, ಕನ್ನಡ ಟೈಪಿಂಗ್. ನುಡಿ ತಂತ್ರಾಂಶದಲ್ಲಾಗಲಿ ಯೂನಿಕೋಡಿನಲ್ಲಾಗಲಿ ನೋಡದೆ ಟೈಪ್ ಮಾಡಲು ಕಲಿಯಿರಿ. ಟೈಪಿಸ್ಟ್ ಮುಂದೆ ಸಾಲಿನಲ್ಲಿ ಕಾಯುವ ಜೂನಿಯರ್‌ಗಿಂತ ತಾನೇ ಕೂತು ತಕರಾರು ಅರ್ಜಿ ಸಿದ್ಧ ಮಾಡುವವನಿಗೆ ಸೀನಿಯರ್ ಹತ್ತಿರ ಬೆಲೆ ಜಾಸ್ತಿ. ಎರಡು, ಇಂಟರ್ನ್‌ಶಿಪ್. 3 ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, 5 ವರ್ಷದ ಕೋರ್ಸಿಗೆ 20 ವಾರ ಅಂತ ನಿಯಮ ಇದೆ. ಇದನ್ನು ಸುಮ್ನೆ ಸಹಿ ಹಾಕಿಸಿಕೊಳ್ಳುವ ಕೆಲಸ ಮಾಡಿಕೊಳ್ಳಬೇಡಿ. ಒಂದಿಷ್ಟು ದಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೂತು ನೋಡಿ. ಬಡವರು ಎಂಥ ತಕರಾರು ಹೊತ್ತು ಬರುತ್ತಾರೆ, ಲೋಕ ಅದಾಲತ್‌ನಲ್ಲಿ ರಾಜಿ ಹೇಗೆ ಕುದುರುತ್ತದೆ, ಎರಡೂ ಅಲ್ಲಿ ಕಾಣುತ್ತವೆ.

ಮೂರನೇ ಹೆಜ್ಜೆ: ನೋಂದಣಿ ಮತ್ತು ಎಐಬಿಇ

ಡಿಗ್ರಿ ಬಂದರೆ ನೀವು ಕಾನೂನು ಪದವೀಧರರು ಅಷ್ಟೇ, ವಕೀಲರಲ್ಲ. 1961ರ ವಕೀಲರ ಕಾಯ್ದೆಯಂತೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರು, ಡಿಗ್ರಿಯಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಮೂರೂ ಒಂದೇ ಥರ ಇವೆಯಾ ಅಂತ ಮೊದಲೇ ನೋಡಿಕೊಳ್ಳಿ. ನಮ್ಮ ಕಡೆ ಒಂದರಲ್ಲಿ ಊರ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಅಪ್ಪನ ಹೆಸರು, ಮತ್ತೊಂದರಲ್ಲಿ ಬರೀ ಇನಿಷಿಯಲ್. ಹೆಚ್ಚಿನ ಓಡಾಟ ಇದಕ್ಕೇ ಆಗುವುದು.

ಶುಲ್ಕದ ಬಗ್ಗೆ ತಿಳಿದುಕೊಂಡಿರಿ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ನೋಂದಣಿಗೆ ಸಾಮಾನ್ಯ ವರ್ಗದವರಿಂದ ₹750, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ ₹125 ಮಾತ್ರ ಪಡೆಯಬೇಕು. ಕಾಯ್ದೆಯಲ್ಲಿ ಇರುವುದೇ ಅಷ್ಟು. ಮೊದಲು ಬೇರೆಬೇರೆ ರಾಜ್ಯಗಳಲ್ಲಿ ಬೇರೆಬೇರೆ ಹೆಸರಿನಲ್ಲಿ ಸಾವಿರಾರು ರೂಪಾಯಿ ಆಗುತ್ತಿತ್ತು. ಐಚ್ಛಿಕ ಅನ್ನುವ ಹೆಸರಿನಲ್ಲೂ ಹೆಚ್ಚಿಗೆ ತೆಗೆದುಕೊಳ್ಳಬಾರದು ಅಂತ 2025ರಲ್ಲಿ ಕೋರ್ಟ್ ಮತ್ತೆ ಹೇಳಿತು. ಕೂಲಿ ಮಾಡುವ ಮನೆಯಿಂದ ಬಂದವರಿಗೆ ಇದು ದೊಡ್ಡ ಅನುಕೂಲ.

ನೋಂದಣಿ ಆದ ಮೇಲೆ ಎಐಬಿಇ, ಅಂದರೆ ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿಯಾದ 2 ವರ್ಷದೊಳಗೆ ಪಾಸಾಗಬೇಕು. ನೂರು ಪ್ರಶ್ನೆ, ನಾಲ್ಕು ಆಯ್ಕೆ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಕನ್ನಡದಲ್ಲೂ ಬರೆಯಬಹುದು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಳಗೆ ಒಯ್ಯಬಹುದು. ಬೇರ್ ಆಕ್ಟ್ ತಿರುವಿ ಅಭ್ಯಾಸ ಇರುವವರಿಗೆ ಇದು ಕಷ್ಟದ ಪರೀಕ್ಷೆಯಲ್ಲ. ಗೈಡ್ ಮಾತ್ರ ಓದಿ ಸೆಮಿಸ್ಟರ್ ದಾಟಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ನಾಲ್ಕನೇ ಹೆಜ್ಜೆ: ಯಾವ ಕೋರ್ಟು, ಯಾರ ಆಫೀಸು

ಕೋಟು ಹಾಕಿದ ಕೂಡಲೇ ಬೆಂಗಳೂರಿಗೆ ಹೋಗಬೇಕು ಅಂತ ಅನಿಸುವುದು ಸಹಜ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿನ ಬಾಡಿಗೆ ಕಟ್ಟಿ, ದೊಡ್ಡ ಆಫೀಸಿನಲ್ಲಿ ಹತ್ತು ಜನ ಜೂನಿಯರ್‌ಗಳ ನಡುವೆ ನಿಮ್ಮ ಕೈಗೆ ಒಂದು ಕೇಸು ಬರುವಷ್ಟರಲ್ಲಿ, ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಕೂತ ನಿಮ್ಮ ಗೆಳೆಯ ಸಾಕ್ಷಿಯನ್ನು ಪಾಟಿ ಸವಾಲಿಗೆ ಒಳಪಡಿಸಿ ಆಗಿರುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಕೆಲಸ ಬೇಗ ಕೈಗೆ ಬರುತ್ತದೆ. ಕಲಾಪ ನಡೆಯುವುದೂ ಸಾಕ್ಷಿ ಹೇಳುವುದೂ ನಿಮ್ಮ ಭಾಷೆಯಲ್ಲೇ. ರಾಯಚೂರು, ಬಳ್ಳಾರಿ ಕಡೆ ಸಾಕ್ಷಿಯ ಮಾತಿನಲ್ಲಿ ತೆಲುಗೋ ಉರ್ದುವೋ ಲಂಬಾಣಿಯೋ ಬೆರೆತಿರುತ್ತದೆ. ಅದು ತಿಳಿಯುವ ವಕೀಲ ಪಾಟಿ ಸವಾಲಿನಲ್ಲಿ ಒಂದು ಹೆಜ್ಜೆ ಮುಂದಿರುತ್ತಾನೆ.

ಕೇಸುಗಳೂ ಊರಿಂದ ಊರಿಗೆ ಬೇರೆ. ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪ ಕಡೆ ಭತ್ತ ಮತ್ತು ರೈಸ್ ಮಿಲ್ಲಿನ ವ್ಯವಹಾರ, ಅದರಿಂದ ಹುಟ್ಟುವ ಚೆಕ್ ಬೌನ್ಸ್, ಸಾಲ ವಸೂಲಿ. ರಾಯಚೂರಿನಲ್ಲಿ ಹತ್ತಿ ಮಾರುಕಟ್ಟೆಯ ಲೇವಾದೇವಿ. ಸಂಡೂರು, ತೋರಣಗಲ್ಲು ಕಡೆ ಗಣಿ, ಉಕ್ಕಿನ ಕಾರ್ಖಾನೆ, ಲಾರಿ ಅಪಘಾತ, ಕಾರ್ಮಿಕರ ಪರಿಹಾರ. ದೇವದುರ್ಗ, ಲಿಂಗಸುಗೂರು ಕಡೆ ನಾರಾಯಣಪುರ ಕಾಲುವೆಗೆ ಹೋದ ಜಮೀನಿನ ಪರಿಹಾರ. ಇವೆಲ್ಲದರ ಜೊತೆ ಎಲ್ಲ ಕಡೆ ಇದ್ದೇ ಇರುವುದು ಪಾಲಿನ ದಾವೆ. ಮಗಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕಿದೆ, 2005ರ ತಿದ್ದುಪಡಿ ಬರುವ ಹೊತ್ತಿಗೆ ತಂದೆ ಬದುಕಿರಬೇಕಾಗಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಕ್ಕತಂಗಿಯರ ಪಾಲಿನ ವಾದಕ್ಕೆ ಬಲ ಬಂದಿದೆ. ನಿಮಗೆ ಯಾವ ಕೆಲಸದಲ್ಲಿ ಆಸಕ್ತಿ ಅಂತ ಗೊತ್ತಿದ್ದರೆ ಊರು ಆಯ್ಕೆ ಸುಲಭ.

ಇನ್ನೊಂದು ಲೆಕ್ಕ ಹೈಕೋರ್ಟಿನದು. ಹೈಕೋರ್ಟಿನ ಪೀಠಗಳು ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದವು. ರಾಯಚೂರು ಜಿಲ್ಲೆಯ ಕೇಸುಗಳು ಕಲಬುರಗಿ ಪೀಠಕ್ಕೆ ಹೋಗುತ್ತವೆ. ಕೊಪ್ಪಳ, ಬಳ್ಳಾರಿಯವು ಧಾರವಾಡಕ್ಕೆ. ಕಾರಟಗಿಯಿಂದ ಸಿಂಧನೂರು ಎಷ್ಟು ಹತ್ತಿರ ನೋಡಿ, ಆದರೆ ಮೇಲ್ಮನವಿ ಹೋಗುವ ದಿಕ್ಕೇ ಬೇರೆ! ಮುಂದೆ ಹೈಕೋರ್ಟಿನಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಆ ಪೀಠದಲ್ಲಿ ನಿಮ್ಮ ಸೀನಿಯರ್‌ಗೆ ಯಾರ ಜೊತೆ ಒಡನಾಟ ಇದೆ ಅಂತ ವಿಚಾರಿಸಿ. ಅಲ್ಲಿ ವಾದ ಇಂಗ್ಲಿಷಿನಲ್ಲೇ ಹೆಚ್ಚು. ಮೊದಲು ಹೇಳಿದ ಬೇರ್ ಆಕ್ಟ್ ಓದು ಆಗ ಉಪಯೋಗಕ್ಕೆ ಬರುತ್ತದೆ.

ಸೀನಿಯರ್ ಹುಡುಕುವಾಗ ಕಾರು, ಬೋರ್ಡು, ಆಫೀಸಿನ ಮುಂದಿನ ಜನಸಂದಣಿ ನೋಡಬೇಡಿ. ನಾಲ್ಕು ದಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಯಾರು ಫೈಲ್ ಓದಿಕೊಂಡು ಬರುತ್ತಾರೆ? ಯಾರು ಪ್ರತಿ ಸಲ ಮುಂದಿನ ತಾರೀಖು ಕೇಳುತ್ತಾರೆ? ಯಾರ ಜೂನಿಯರ್ ಎದ್ದು ನಿಂತು ಜಾಮೀನು ಅರ್ಜಿಯ ಮೇಲೆ ಮಾತಾಡುತ್ತಾನೆ, ಯಾರ ಜೂನಿಯರ್ ಬರೀ ಫೈಲ್ ಹೊತ್ತು ನಿಲ್ಲುತ್ತಾನೆ? ಸಿವಿಲ್ಲೂ ಕ್ರಿಮಿನಲ್ಲೂ ಎರಡೂ ನಡೆಸುವ, ತನ್ನ ದಾವೆಯ ಕರಡನ್ನು ತಾನೇ ಬರೆಯುವ, ಜೂನಿಯರ್ ತಪ್ಪು ಮಾಡಿದರೆ ಕಕ್ಷಿದಾರನ ಮುಂದೆ ಬೈಯದೆ ಆಮೇಲೆ ಕರೆದು ತಿದ್ದುವ ಸೀನಿಯರ್ ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಅಲ್ಲೇ ಇರಿ. ನಮ್ಮವ, ಬೀಗರು, ಒಂದೇ ಮಠದ ಭಕ್ತರು ಅಂತ ಮನೆಯವರು ತೋರಿಸಿದ ಆಫೀಸಿಗೇ ಸೇರಬೇಕಾಗಿಲ್ಲ.

ಹೆಣ್ಣುಮಕ್ಕಳು ಸೇರುವ ಮೊದಲೇ ಕೆಲಸದ ಹೊತ್ತು ಮಾತಾಡಿಕೊಳ್ಳಿ. ಇಲ್ಲಿನ ಆಫೀಸುಗಳು ಸಂಜೆ ಕೋರ್ಟ್ ಮುಗಿದ ಮೇಲೆ ತೆರೆದು ರಾತ್ರಿ ತಡವಾಗಿ ಮುಚ್ಚುತ್ತವೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವವರಿಗೆ ಅದು ಆಗುವ ಮಾತಲ್ಲ. ಬೆಳಿಗ್ಗೆ ಬೇಗ ಬಂದು ಕರಡು ಮಾಡಿಕೊಡುತ್ತೇನೆ ಅಂದರೆ ಒಪ್ಪುವ ಸೀನಿಯರ್‌ಗಳು ಇದ್ದಾರೆ. ಇನ್ನು "ಹೆಣ್ಣುಮಕ್ಕಳು ಫ್ಯಾಮಿಲಿ ಕೇಸ್ ಮಾಡ್ಲಿ ಬಿಡ್ರಿ" ಅನ್ನುವ ಮಾತು ಬಾರ್‌ನಲ್ಲಿ ಇನ್ನೂ ಇದೆ. ಭೂಮಿಯ ಕೇಸು, ಸೆಷನ್ಸ್ ಕೇಸು ಬೇಕು ಅಂತ ಕೇಳಿ ತೆಗೆದುಕೊಳ್ಳಿ, ಕೇಳದೆ ಯಾರೂ ಕೊಡುವುದಿಲ್ಲ.

ಐದನೇ ಹೆಜ್ಜೆ: ಜೂನಿಯರ್ ಕಾಲದಲ್ಲಿ ಕಲಿಯುವುದು

ಮೊದಲಿಗೆ ಡೈರಿ. ಇವತ್ತು ಯಾವ ಕೇಸು, ಯಾವ ಹಂತ, ಮುಂದಿನ ತಾರೀಖು ಯಾವುದು ಅಂತ ಕೈಯಲ್ಲೇ ಬರೆಯಿರಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಕೊಡುವ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಎಲ್ಲ ಸಿಗುತ್ತದೆ, ನಿಜ. ಆದರೆ ಆರ್ಡರ್ ಶೀಟ್‌ನಲ್ಲಿ ಏನು ಬರೆದಿದೆ, ಯಾಕೆ ಮುಂದೆ ಹೋಯಿತು ಅನ್ನುವುದು ಕೋರ್ಟ್ ಹಾಲ್‌ನಲ್ಲಿ ಇದ್ದವರಿಗೇ ಗೊತ್ತು. ಬೆಂಚ್ ಕ್ಲರ್ಕ್, ಶಿರಸ್ತೇದಾರರು, ನಕಲು ವಿಭಾಗದವರು, ಪ್ರೊಸೆಸ್ ಸರ್ವರ್, ನಿಮ್ಮ ಆಫೀಸಿನ ಹಳೆಯ ಗುಮಾಸ್ತ, ಇವರೆಲ್ಲ ನಿಮ್ಮ ಗುರುಗಳು. "ಏನ್ರಿ, ಅಣ್ಣಾರ" ಅಂತ ಗೌರವದಿಂದ ಮಾತಾಡಿದರೆ ಪುಸ್ತಕದಲ್ಲಿ ಇಲ್ಲದ್ದನ್ನು ಕಲಿಸುತ್ತಾರೆ.

ಎರಡನೆಯದು ದಿನಗಳ ಲೆಕ್ಕ. ವಕೀಲನ ಮೇಲೆ ಕಕ್ಷಿದಾರ ಸಿಟ್ಟಾಗುವುದು ಸೋತದ್ದಕ್ಕಲ್ಲ, ವಾಯಿದೆ ಮೀರಿದ್ದಕ್ಕೆ. ಚೆಕ್ ಬೌನ್ಸ್ ನೋಡಿ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ದುಡ್ಡು ಕೊಡಲು ಆತನಿಗೆ 15 ದಿನ. ಅದು ದಾಟಿದ ಮೇಲೆ ಒಂದು ತಿಂಗಳೊಳಗೆ ದೂರು. ರೈಸ್ ಮಿಲ್ಲಿನವರು "ಇನ್ನೊಂದು ವಾರ ತಡೀರಿ, ಕೊಡ್ತಾನಂತ" ಅಂತ ನೋಟಿಸನ್ನು ಮುಂದೂಡುತ್ತಾ ಹೋಗುತ್ತಾರೆ. ಅವರಿಗೆ ದಿನ ಎಣಿಸಿ ಹೇಳುವುದು ನಿಮ್ಮ ಕೆಲಸ. ಹಾಗೆಯೇ ಸಿವಿಲ್ ದಾವೆಯಲ್ಲಿ ಸಮನ್ಸ್ ಮುಟ್ಟಿದ 30 ದಿನದಲ್ಲಿ ಲಿಖಿತ ಹೇಳಿಕೆ, ಡಿಕ್ರಿಯ ಮೇಲೆ ಮೇಲ್ಮನವಿ ಹಾಕಲು ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ಇವನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವಂತಿರಬೇಕು.

ಕ್ರಿಮಿನಲ್ ಕಡೆ ಈಗ ಹೊಸಬರಿಗೆ ಒಂದು ಅವಕಾಶ ಇದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆ 302 ಅಲ್ಲ, 103. ವಂಚನೆ 420 ಅಲ್ಲ, 318. ನಿರೀಕ್ಷಣಾ ಜಾಮೀನು 438 ಅಲ್ಲ, 482. ಮೂವತ್ತು ವರ್ಷ ಅನುಭವದ ಸೀನಿಯರ್ ಬಾಯಲ್ಲಿ ಇನ್ನೂ ಹಳೆಯ ನಂಬರೇ ಬರುತ್ತದೆ. ಹಳೆಯದು ಹೊಸದು ಎರಡೂ ಬಲ್ಲ ಜೂನಿಯರ್ ಪಕ್ಕದಲ್ಲಿದ್ದರೆ ಅವರಿಗೂ ಧೈರ್ಯ. ಆ ಜುಲೈ 1ಕ್ಕೂ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ, ಆದ್ದರಿಂದ ಎರಡನ್ನೂ ಕಲಿಯದೆ ಗತಿಯಿಲ್ಲ.

ಭೂಮಿಯ ಕಾಗದ ಓದುವುದು ಮಾತ್ರ ನಿಧಾನಕ್ಕೆ ಬರುವ ವಿದ್ಯೆ. ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಒಂದು ವಿಶೇಷ ಇದೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಹಾಗಾಗಿ ಮಾನ್ವಿಯ ಖಾಸ್ರಾ ಪಹಣಿ, ಸೇತ್ವಾರ್ ಅನ್ನುವ ಹಳೆಯ ಭೂದಾಖಲೆಗಳು ಉರ್ದುವಿನಲ್ಲಿ ಸಿಗಬಹುದು. ಸಿರುಗುಪ್ಪದ ಹಳೆಯ ಕ್ರಯಪತ್ರ ತೆಲುಗಿನಲ್ಲಿರಬಹುದು. ಇವತ್ತಿನ ಪಹಣಿ ನೋಡಿ ದಾವೆ ಹಾಕುವವರು ಬಹಳ. ಅದರ ಹಿಂದಿನ ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಸರ್ವೆಯವರ ಟಿಪ್ಪಣಿ, ಆಕಾರಬಂದ್, ಆಮೇಲೆ ಈ ಹಳೆಯ ದಾಖಲೆವರೆಗೆ ಹಿಂದಕ್ಕೆ ಹೋಗುವವರು ಕಡಿಮೆ. ಗಟ್ಟಿ ಕೇಸು ಗೆಲ್ಲುವುದು ಆ ಹಿಂದಿನ ಕಾಗದದಲ್ಲಿ. ಊರಿನಲ್ಲಿ ಹಳೆಯ ಉರ್ದು ಓದಬಲ್ಲ ಹಿರಿಯರು ಯಾರಿದ್ದಾರೆ ಅಂತ ತಿಳಿದುಕೊಳ್ಳಿ, ಆಗುವುದಾದರೆ ಅವರ ಹತ್ತಿರ ಅಕ್ಷರ, ಅಂಕಿ ಮತ್ತು ಕಂದಾಯದ ಪದಗಳನ್ನಾದರೂ ಕಲಿಯಿರಿ. ಇದು ಬೆಂಗಳೂರಿನ ಯಾವ ದೊಡ್ಡ ಆಫೀಸಿನಲ್ಲೂ ಕಲಿಯಲು ಸಿಗುವುದಿಲ್ಲ.

ಕಂದಾಯ ಕೋರ್ಟುಗಳನ್ನೂ ಮರೆಯಬೇಡಿ. ವಾರಸಾ ತಪ್ಪಾಗಿದೆ, ಪಹಣಿಯಲ್ಲಿ ಹೆಸರು ಬಿಟ್ಟಿದೆ ಅಂದರೆ 1964ರ ಭೂಕಂದಾಯ ಕಾಯ್ದೆಯ 136ನೇ ಸೆಕ್ಷನ್‌ನಂತೆ ಎಸಿ (ಉಪವಿಭಾಗಾಧಿಕಾರಿ) ಮುಂದೆ ಮೇಲ್ಮನವಿ, ಆಮೇಲೆ ಡಿಸಿ ಮುಂದೆ. ಸಿಂಧನೂರಿನವರು ಲಿಂಗಸುಗೂರಿನ ಎಸಿ ಆಫೀಸಿಗೆ ಬಸ್ ಹತ್ತಬೇಕು. ಹೋಗಿಬರುವುದು ಬೇಸರ ಅಂತ ದೊಡ್ಡ ವಕೀಲರು ಇಂಥ ಕೆಲಸವನ್ನು ಜೂನಿಯರ್‌ಗೆ ಬಿಡುತ್ತಾರೆ. ಹೊಸಬರಿಗೆ ಸ್ವತಂತ್ರವಾಗಿ ವಾದ ಮಾಡಲು ಸಿಗುವ ಮೊದಲ ಜಾಗ ಹೆಚ್ಚಾಗಿ ಅದೇ.

ಒಂದು ಸಣ್ಣ ಸಮಾಧಾನ: ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಕೋಟು ಹಾಕಿ ಬೆವರಬೇಕಾಗಿಲ್ಲ. ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕೋರ್ಟುಗಳಲ್ಲಿ ಬೇಸಿಗೆಯಲ್ಲಿ ಕೋಟು ಕಡ್ಡಾಯವಲ್ಲ ಅಂತ ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಬ್ಯಾಂಡ್ ಮಾತ್ರ ಇರಲಿ.

ಆರನೇ ಹೆಜ್ಜೆ: ದುಡ್ಡು

ಈಗ ಆ ಎರಡನೇ ಪ್ರಶ್ನೆ. ಮೊದಲ ಎರಡು ಮೂರು ವರ್ಷ ಮನೆಯ ಆಸರೆ ಇಲ್ಲದೆ ಕಷ್ಟ. ಇದನ್ನು ಮುಚ್ಚಿಟ್ಟು ಹುಡುಗರನ್ನು ಲಾಗೆ ಕಳಿಸುವುದು ಸರಿಯಲ್ಲ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ₹20,000, ಗ್ರಾಮೀಣ ಭಾಗದಲ್ಲಿ ₹15,000 ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಸಲಹೆ ಮಾಡಿದೆ. ಸಲಹೆ, ಕಡ್ಡಾಯ ಅಲ್ಲ. ನಮ್ಮ ತಾಲ್ಲೂಕು ಊರುಗಳ ಆಫೀಸುಗಳಲ್ಲಿ ಅಷ್ಟನ್ನು ನಿರೀಕ್ಷಿಸಿ ಹೋದರೆ ನಿರಾಸೆಯಾಗುತ್ತದೆ. ಆದರೂ ಸೇರುವ ದಿನವೇ ಎಷ್ಟು ಕೊಡುತ್ತೀರಿ ಅಂತ ಕೇಳಲು ನಾಚಿಕೆ ಬೇಡ. ಕನಿಷ್ಠ ಓಡಾಟದ ಖರ್ಚು, ಊಟದ ಖರ್ಚು ಬರಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದ ಕಾನೂನು ಪದವೀಧರರಿಗೆ ಸೀನಿಯರ್ ಕೈಕೆಳಗಿನ ತರಬೇತಿ ಕಾಲಕ್ಕೆ ಸರ್ಕಾರ ಭತ್ಯೆ ಕೊಡುತ್ತದೆ. ಜಿಲ್ಲೆಯ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ನೋಂದಣಿಗೂ ಮೊದಲೇ ವಿಚಾರಿಸಿಡಿ. ಗೊತ್ತಿಲ್ಲದೆ ಕಳೆದುಕೊಳ್ಳುವವರು ಬಹಳ ಜನ.

ಪಕ್ಕದಲ್ಲಿ ಬೇರೆ ಕೆಲಸ ಮಾಡಬಹುದಾ? ಪೂರ್ಣಾವಧಿ ಸಂಬಳದ ನೌಕರಿ ಮಾಡುತ್ತಾ ವಕೀಲಿ ಮಾಡುವಂತಿಲ್ಲ. ನೌಕರಿ ಸಿಕ್ಕರೆ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದನ್ನು, ಅಂದರೆ ವಕೀಲಿ ಮಾಡುವ ಪರವಾನಗಿಯನ್ನು, ಅಮಾನತಿನಲ್ಲಿ ಇಡಿಸಬೇಕು. ಆದರೆ ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಪಾಠ ಹೇಳಲು ಅವಕಾಶ ಇದೆ. ಪತ್ರಿಕೆಗೆ ಬರೆಯುವುದು, ಉಪನ್ಯಾಸ ಕೊಡುವುದಕ್ಕೂ ನಿಯಮದಲ್ಲಿ ಜಾಗ ಇದೆ.

ಇನ್ನು ಫೀ. ಅಪಘಾತದ ಪರಿಹಾರ, ಭೂಸ್ವಾಧೀನದ ಪರಿಹಾರದ ಕೇಸುಗಳಲ್ಲಿ "ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನುವ ಮಾತು ನಿಮ್ಮ ಕಿವಿಗೆ ಬೇಗ ಬೀಳುತ್ತದೆ. ಫಲಿತಾಂಶದ ಮೇಲೆ ಫೀ ನಿಗದಿ ಮಾಡುವುದು, ಬಂದದ್ದರಲ್ಲಿ ಪಾಲು ಕೇಳುವುದು ಎರಡೂ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಎಲ್ಲರೂ ಮಾಡ್ತಾರಲ್ಲ ಅಂದರೆ, ಶಿಸ್ತುಕ್ರಮ ಬಂದಾಗ ಆ ಎಲ್ಲರೂ ನಿಮ್ಮ ಜೊತೆ ನಿಲ್ಲುವುದಿಲ್ಲ. ಹಂತಕ್ಕೆ ಇಷ್ಟು ಅಂತ ಮೊದಲೇ ಹೇಳಿ. ರೈತರ ಕೈಗೆ ದುಡ್ಡು ಬರುವುದು ಫಸಲಿನ ಮೇಲೆ, ಆದ್ದರಿಂದ ಕಂತಿನಲ್ಲಿ ಕೊಡಲು ಬಿಡಿ, ಕೊಟ್ಟದ್ದಕ್ಕೆ ರಸೀದಿ ಕೊಡಿ. ಕೋರ್ಟ್ ಫೀ, ಪ್ರೊಸೆಸ್ ಫೀ ಅಂತ ಪಡೆದ ದುಡ್ಡಿನ ಲೆಕ್ಕ ಬೇರೆ ಬರೆದಿಡಿ. ಜಾಹೀರಾತೂ ನಿಷೇಧ. ಇನ್‌ಸ್ಟಾಗ್ರಾಮಿನಲ್ಲಿ "ಒಂದೇ ದಿನದಲ್ಲಿ ಜಾಮೀನು" ಅಂತ ರೀಲ್ಸ್ ಮಾಡುವವರನ್ನು ನೋಡಿ ಆಸೆಪಡಬೇಡಿ. ಕಾನೂನು ತಿಳಿಸುವುದು ಬೇರೆ, ಗಿರಾಕಿ ಕರೆಯುವುದು ಬೇರೆ.

ಆಮೇಲಿನ ದಾರಿಗಳು

ಮೂರು ವರ್ಷ ಕಳೆದ ಮೇಲೆ ಬಾಗಿಲುಗಳು ತೆರೆಯುತ್ತವೆ. 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಿವಿಲ್ ನ್ಯಾಯಾಧೀಶರ ನೇಮಕಾತಿಗೆ ಕನಿಷ್ಠ 3 ವರ್ಷ ವಕೀಲಿ ಅನುಭವ ಬೇಕು ಅಂತ ಹೇಳಿತು. ಲೆಕ್ಕ ಶುರುವಾಗುವುದು ತಾತ್ಕಾಲಿಕ ನೋಂದಣಿಯ ದಿನದಿಂದ. ಅಂದರೆ ಕಾಲೇಜು ಮುಗಿಸಿ ನೇರವಾಗಿ ಕೋಚಿಂಗ್‌ಗೆ ಕೂರುವ ಯೋಚನೆ ಬಿಡಿ, ಕೋರ್ಟಿಗೆ ಹೋಗುತ್ತಾ ಓದಿ. ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಗೂ ವಕೀಲಿ ಅನುಭವ ಕೇಳುತ್ತಾರೆ. ಸರ್ಕಾರಿ ನೇಮಕಾತಿಗಳಲ್ಲಿ ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯಡಿ ಸ್ಥಳೀಯ ಮೀಸಲಾತಿ ಇದೆ. ಎಸಿ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಟ್ಟುಕೊಳ್ಳಿ, ಕೊನೆಯ ವಾರದಲ್ಲಿ ಓಡಾಡಬೇಡಿ. ನೇರ ನೇಮಕಾತಿಯ ಜಿಲ್ಲಾ ನ್ಯಾಯಾಧೀಶರಿಗೆ 7 ವರ್ಷ. ನೋಟರಿ ಆಗಲು 10 ವರ್ಷ, ಮಹಿಳೆಯರಿಗೆ, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ 7 ವರ್ಷ.

ಈ ಎಲ್ಲದಕ್ಕೂ ಅನುಭವದ ಪುರಾವೆ ಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗಾದರೆ ಅಲ್ಲಿನ ಪ್ರಧಾನ ನ್ಯಾಯಾಧೀಶರ ಪ್ರಮಾಣಪತ್ರ, ಇಲ್ಲವೇ ಕನಿಷ್ಠ 10 ವರ್ಷ ಅನುಭವದ ವಕೀಲರ ಪ್ರಮಾಣಪತ್ರ ಮತ್ತು ಅದರ ಮೇಲೆ ಪ್ರಧಾನ ನ್ಯಾಯಾಧೀಶರ ದೃಢೀಕರಣ ಅಂತ 2025ರ ಆ ತೀರ್ಪಿನಲ್ಲೇ ಹೇಳಿದೆ. ಆದ್ದರಿಂದ ಸೇರಿದ ಮೊದಲ ವಾರವೇ ಸೀನಿಯರ್‌ಗೆ ಕೇಳಿ: "ಸರ್, ವಕಾಲತ್ತಿನಲ್ಲಿ ನನ್ನ ಹೆಸರೂ ಹಾಕ್ರಿ." ಆ ವಕಾಲತ್ತಿನ (ಕಕ್ಷಿದಾರ ವಕೀಲರಿಗೆ ಕೊಡುವ ಅಧಿಕಾರ ಪತ್ರದ) ಪ್ರತಿ, ನಿಮ್ಮ ಹಾಜರಿ ದಾಖಲಾದ ಆರ್ಡರ್ ಶೀಟಿನ ಪ್ರತಿ, ವರ್ಷಕ್ಕೊಂದು ಫೈಲ್ ಮಾಡಿ ಇಡಿ. ತಾಲ್ಲೂಕು ವಕೀಲರ ಸಂಘದ ಸದಸ್ಯತ್ವವನ್ನೂ ಅದೇ ತಿಂಗಳು ಮಾಡಿಸಿ, ರಸೀದಿಯನ್ನು ಅದೇ ಫೈಲಿಗೆ ಹಾಕಿ.